ಅರಿಶಿನವಿಲ್ಲದ ಕೊರಳು

ಒಬ್ಬ ಹೆಂಗಸಿನ ಕೊರಳಿಗೆ ನಾಣ್ಯದಷ್ಟು ಅಗಲದ ಒಂದು ಬಿಲ್ಲೆ ಅಂಟಿಸಿ, ಅವಳ ಹೊಟ್ಟೆಯಲ್ಲಿ ಈಗಷ್ಟೇ ಬೇರೂರಿದ ಪಿಂಡ ಉಳಿಯುತ್ತದೋ ಇಲ್ಲವೋ ಎಂದು ಮೊದಲೇ ತಿಳಿಯುವಂತಾದರೆ? ತಿಳಿದ ಮೇಲೆ, ಅದು ಕೈಬಿಟ್ಟು ಹೋಗುವ ಮೊದಲೇ ತಡೆಯುವಂತಾದರೆ?

ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಕೆಳಗೆ ಸೀರೆ ಅಂಗಡಿ ಇರುವ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ, ನಾವು ಕೆಲವರು ಈ ಪ್ರಶ್ನೆಯ ಬೆನ್ನು ಹತ್ತಿ ವರ್ಷಗಳೇ ಆಗಿದ್ದವು. ನಾನು ಪ್ರಮೀಳಾ ಯಲಿಗಾರ, ರೋಗನಿರೋಧಕ ಶಾಸ್ತ್ರ ಓದಿದವಳು. ನನಗೆ ಸಿಟ್ಟು ಸ್ವಲ್ಪ ಜಾಸ್ತಿ. ಅದರಲ್ಲಿ ಅರ್ಧ ಸಿಟ್ಟು ‘ಕಾರಣ ತಿಳಿಯದ ಬಂಜೆತನ’ ಎಂಬ ಮಾತಿನ ಮೇಲೆ. ಎಲ್ಲ ಪರೀಕ್ಷೆಯೂ ಸರಿ ಬಂದು ಮಗು ಮಾತ್ರ ಆಗದಿದ್ದರೆ ವೈದ್ಯರು ಹಾಗೆ ಬರೆದು ಕೈ ತೊಳೆದುಕೊಳ್ಳುತ್ತಾರೆ. ನಮಗೆ ಗೊತ್ತಿಲ್ಲ ಎಂದು ಬರೆಯಲು ಅವರಿಗೆ ನಾಚಿಕೆ. ಆ ಹಾಳೆ ಹಿಡಿದು ಮನೆಗೆ ಹೋದ ಹೆಂಗಸಿಗೆ ಮಾತ್ರ ಕಾರಣ ಹೇಳುವವರು ಓಣಿಯ ತುಂಬ ಇರುತ್ತಾರೆ.

ಕಾರಣ ಇತ್ತು. ಅದು ಕೊರಳಲ್ಲಿತ್ತು. ನಮ್ಮ ಕೊರಳಿನ ಥೈರಾಯ್ಡ್ ಗ್ರಂಥಿಯನ್ನು ಕೆಲವರ ಮೈಯೊಳಗಿನ ಕಾವಲು ಪಡೆ ಶತ್ರು ಎಂದು ತಪ್ಪು ತಿಳಿದು ಕಚ್ಚುತ್ತದೆ. ನನ್ನ ಮೈಯಲ್ಲೂ ಅದೇ ಕಥೆ, ದಿನಾ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಗುಳಿಗೆ ನುಂಗುವವಳು ನಾನು. ಕಚ್ಚುವ ಪ್ರತಿಕಾಯಗಳು ರಕ್ತದಲ್ಲಿ ಓಡಾಡುತ್ತವೆ. ಗ್ರಂಥಿ ಇನ್ನೂ ಪೂರ್ತಿ ಕೆಟ್ಟಿರುವುದಿಲ್ಲವಾದ್ದರಿಂದ ಸಾಮಾನ್ಯ ಪರೀಕ್ಷೆಯಲ್ಲಿ ಎಲ್ಲವೂ ಸರಿ ಎಂದೇ ಬರುತ್ತದೆ. ಆದರೆ ಅದೇ ದಿಕ್ಕುತಪ್ಪಿದ ಪಡೆ ಗರ್ಭಕೋಶದ ಗೋಡೆಯಲ್ಲೂ ಕಾದು ಕೂತಿರುತ್ತದೆ. ಪಿಂಡದಲ್ಲಿ ಅರ್ಧ ಅಪ್ಪನದು, ಅಂದರೆ ಅರ್ಧ ಪರಕೀಯ. ಸಮಾಧಾನದಲ್ಲಿರುವ ಪಡೆ ಅದನ್ನು ನೆಂಟ ಎಂದು ಒಳಗೆ ಬಿಟ್ಟುಕೊಳ್ಳುತ್ತದೆ. ಕೆರಳಿದ ಪಡೆ ಹೊರಗೆ ಹಾಕುತ್ತದೆ. ಹಾಗೆ ಹಾಕುವ ಮೊದಲು ರಕ್ತದಲ್ಲಿ ಎರಡು ಗುರುತುಗಳು ಒಟ್ಟಿಗೆ ಏರುತ್ತವೆ ಎಂಬುದನ್ನು ನಾವು ಕಂಡುಕೊಂಡಿದ್ದೆವು.

ಬಿಲ್ಲೆಯ ಕೆಲಸ ಆ ಗುರುತುಗಳನ್ನು ಓದುವುದು. ಅದರ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳು, ಸೂಜಿಯಲ್ಲಿ ಒಂದು ಬಣ್ಣ. ಗುರುತು ಬಂದು ಅಂಟಿದಷ್ಟೂ ಆ ಬಣ್ಣ ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಆ ಹೊಳಪು ಅಂಕಿಯಾಗಿ ನಮ್ಮ ಪರದೆಗೆ ಬರುತ್ತದೆ. ನಲವತ್ತರ ಒಳಗಿದ್ದರೆ ಹಸಿರು ಪಟ್ಟಿ, ದಾಟಿದರೆ ಕೆಂಪು. ಹೆಂಗಸಿನ ತೋಳಿನ ಚರ್ಮದಡಿ ಇಟ್ಟ ಪುಟ್ಟ ಪಂಪು ಆ ಅಂಕಿ ನೋಡಿಕೊಂಡೇ ಪಡೆಯನ್ನು ತಣಿಸುವ ಔಷಧಿ ಬಿಡುತ್ತದೆ. ಅಂಕಿ ಏರಿದರೆ ಹೆಚ್ಚು, ಇಳಿದರೆ ಕಡಿಮೆ. ಹೆಚ್ಚಾದರೂ ಕಷ್ಟವೇ, ಏಕೆಂದರೆ ತೀರಾ ತಣಿದ ಪಡೆ ಸಾಧಾರಣ ಜ್ವರವನ್ನೂ ತಡೆಯಲಾರದು.

ಮೊದಲ ಪ್ರಯೋಗದಲ್ಲೇ ಒಂದು ಎಡವಟ್ಟಾಯಿತು. ಎಲ್ಲ ಹೆಂಗಸರ ಅಂಕಿಯೂ ಆಕಾಶಕ್ಕೆ ಏರಿತು. ನಮ್ಮ ತಂತ್ರಜ್ಞ ಸಂಜೀವ ಕಮತಗಿ ಎರಡು ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಕಾರಣ ಅರಿಶಿನ. ನಮ್ಮ ಕಡೆಯ ಹೆಂಗಸರು ಜಳಕ ಮಾಡಿ ಗಲ್ಲಕ್ಕೂ ಕೊರಳಿಗೂ ಅರಿಶಿನ ಹಚ್ಚಿಕೊಳ್ಳುತ್ತಾರೆ. ಅರಿಶಿನವೂ ನೀಲಿ ಬೆಳಕಿನಲ್ಲಿ ಹೊಳೆಯುತ್ತದೆ. ಹಚ್ಚಿಕೊಳ್ಳಬೇಡಿ ಎಂದು ಹೇಳಿ ನೋಡಿದೆವು. ಕಾಲು ಭಾಗ ಹೆಂಗಸರು ಪ್ರಯೋಗವನ್ನೇ ಬಿಟ್ಟು ನಡೆದರು. ಮಕ್ಕಳಿಲ್ಲ ಎಂದು ಉಡಿ ತುಂಬುವಾಗ ದೂರ ನಿಲ್ಲಿಸುತ್ತಿದ್ದರು, ಈಗ ಮುತ್ತೈದೆಯ ಅರಿಶಿನವನ್ನೂ ಕಿತ್ತುಕೊಳ್ಳುತ್ತೀರಾ ಎಂದು ಒಬ್ಬಾಕೆ ನನ್ನ ಮುಖಕ್ಕೇ ಕೇಳಿದಳು.

ಆಗ ಸಂಜೀವ ಒಂದು ಉಪಾಯ ಮಾಡಿದ. ಬಿಲ್ಲೆ ಅಂಟಿಸಿದ ಮೊದಲ ವಾರ ಪ್ರತಿ ಹೆಂಗಸಿನ ಅರಿಶಿನದ ಹೊಳಪನ್ನು ಬೇರೆಯಾಗಿ ಅಳೆದು, ಮುಂದೆ ಅವಳ ಅಂಕಿಯಿಂದ ಅಷ್ಟನ್ನು ದಿನವೂ ಕಳೆಯುವುದು. ಅರಿಶಿನ ಸೋಸುವ ಲೆಕ್ಕ ಎಂದು ಅದಕ್ಕೆ ಹೆಸರಾಯಿತು. ಈ ನೆಲದ ಹೆಂಗಸರನ್ನು ಅರಿತು ಮಾಡಿದ ಯಂತ್ರ ಎಂದು ನಮ್ಮ ಮುಖ್ಯಸ್ಥರಾದ ಡಾಕ್ಟರ್ ಕಟ್ಟಿ ಸಭೆಯಲ್ಲಿ ಬೆನ್ನು ತಟ್ಟಿದರು. ನಾವೆಲ್ಲ ಪೇಢೆ ತಿಂದೆವು. ಗಂಡ ಇರುವ ಹೆಂಗಸಿನ ಕೊರಳಲ್ಲಿ ಅರಿಶಿನ ಇದ್ದೇ ಇರುತ್ತದೆ ಎಂದು ಯಂತ್ರಕ್ಕೆ ಕಲಿಸಿದ್ದೆವು. ಗಂಡ ಇದ್ದೇ ಇರುತ್ತಾನೆ ಎಂದೂ ಕಲಿಸಿದ್ದೆವು ಎಂಬುದು ಆಗ ಯಾರ ತಲೆಗೂ ಹೊಳೆಯಲಿಲ್ಲ.

ಹೀಗೆ ಪ್ರಯೋಗಕ್ಕೆ ಸೇರಿದ ಮುನ್ನೂರು ಹೆಂಗಸರಲ್ಲಿ ಒಬ್ಬಳು ಮಹಾನಂದಾ. ಹಳೇಹುಬ್ಬಳ್ಳಿಯವಳು, ಮನೆಯಲ್ಲೇ ಕುಬಸ ಹೊಲಿಯುವ ಕೆಲಸ. ಮೂವತ್ತೆಂಟು ವರ್ಷ. ಗಂಡ ಫಕೀರೇಶ ನಗರ ಸಾರಿಗೆಯ ಬಸ್ಸು ಓಡಿಸುತ್ತಿದ್ದ. ಮೂರು ಸಲ ನಿಂತ ಗರ್ಭ ಮೂರು ಸಲವೂ ಎರಡು ತಿಂಗಳೊಳಗೆ ಹೋಗಿತ್ತು, ಪ್ರತಿ ಸಲವೂ ಹಾಳೆಯಲ್ಲಿ ‘ಕಾರಣ ತಿಳಿಯದು’ ಎಂದೇ ಇತ್ತು. ಪ್ರಯೋಗಶಾಲೆಯಲ್ಲಿ ಬೆಳೆಸಿಟ್ಟ ಅವರಿಬ್ಬರ ಪಿಂಡಗಳಲ್ಲಿ ಕೊನೆಯದೊಂದು ಉಳಿದಿತ್ತು. ಅದನ್ನು ಒಳಗಿಟ್ಟೆವು. ಅದು ಕಚ್ಚಿಕೊಂಡಿತು. ಫಕೀರೇಶ ಅವತ್ತು ಬಸ್ ಡಿಪೋದಿಂದ ಸಮವಸ್ತ್ರದಲ್ಲೇ ಓಡಿಬಂದು ನಮಗೆಲ್ಲ ಗಿರ್ಮಿಟ್ ತಿನ್ನಿಸಿದ. ಮೆಣಸಿನಕಾಯಿ ಭಜಿ ಬೇರೆ. ಕಟ್ಟಿ ಸರ್ ಖಾರ ತಿಂದು ಕಣ್ಣೀರು ಹಾಕಿದ್ದನ್ನು ನೋಡಿ ಅವನು ನಕ್ಕಿದ್ದು ನನಗೆ ಇನ್ನೂ ನೆನಪಿದೆ.

ಮುಂದಿನ ವಾರ ಅವನು ಡಿಪೋದಲ್ಲೇ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟಲಿಲ್ಲ.

ಸುದ್ದಿ ಕೇಳಿ ನಾವೆಲ್ಲ ಪರದೆಯ ಮುಂದೆ ಬಂದು ನಿಂತೆವು. ಇಂಥ ಪೆಟ್ಟಿಗೆ ಮಹಾನಂದಾಳ ಅಂಕಿ ಏರುತ್ತದೆ, ಪಿಂಡ ಹೋಗುತ್ತದೆ ಎಂಬುದು ನಮ್ಮ ಭಯ. ಆದದ್ದು ಬೇರೆ. ಮಾರನೆಯ ದಿನ ಅವಳ ಅಂಕಿ ಧೊಪ್ಪನೆ ಇಳಿದು ನೆಲ ಮುಟ್ಟಿತು. ಔಷಧಿ ಬೇಡ ಎಂದು ಪಂಪು ತಾನಾಗಿ ನಿಂತಿತು.

“ದುಃಖದಾಗ ಮೈ ತನ್ನಷ್ಟಕ್ಕ ಸ್ಟೀರಾಯ್ಡ್ ಬಿಡ್ತದ ನೋಡ್ರಿ,” ಎಂದರು ಕಟ್ಟಿ ಸರ್, ಕನ್ನಡಕ ಒರೆಸುತ್ತ. “ಅದು ಕಾವಲು ಪಡೀನ ತಣಿಸ್ಯದ. ಇದನ್ನ ಹಿಂದ ಯಾರೂ ಇಷ್ಟು ಸ್ಪಷ್ಟ ನೋಡಿಲ್ಲ. ಬರೀಬೇಕಾದ ಸಂಗತಿ.”

ಮಾತು ಪುಸ್ತಕದ ಪ್ರಕಾರ ತಪ್ಪಲ್ಲ. ಆದರೂ ಗಂಡ ಸತ್ತವಳ ಅಂಕಿ ನೋಡಿ ಅವರ ಮುಖ ಅರಳಿದ್ದು ನನಗೆ ಸೇರಲಿಲ್ಲ. ಸಂಜೀವ ಮಾತ್ರ, “ಹ್ಯಾಂಗರ ಆಗ್ಲಿ ಮೇಡಂ, ಕೂಸು ಉಳೀತಲ್ಲ,” ಎಂದ. ನಾನೂ ಅದನ್ನು ಒಪ್ಪಿಕೊಂಡೆ.

ಫಕೀರೇಶನ ದಿನಕರ್ಮಗಳೆಲ್ಲ ಮುಗಿದ ಮೇಲೆ, ಒಂದು ಮಧ್ಯಾಹ್ನ, ಊಟದ ಡಬ್ಬಿ ತೆರೆಯುತ್ತಿದ್ದಾಗ ಮಹಾನಂದಾಳ ಫೋನು ಬಂತು. ಧ್ವನಿ ಬಾವಿಯೊಳಗಿಂದ ಬಂದಂತಿತ್ತು.

“ಅಕ್ಕಾರ, ಸ್ವಲ್ಪ ಕೆಂಪು ಕಂಡೇತ್ರಿ.”

“ಎಷ್ಟವಾ? ಹೊಟ್ಟಿ ನೋಯ್ತದ?”

“ಸ್ವಲ್ಪ ಐತ್ರಿ. ಮುಂಜಾನಿಂದ ಸೊಂಟ ಹಿಡಕೊಂಡೈತಿ. ಹಿಂದಿನ ಮೂರೂ ಸಲ ಹಿಂಗ ಚಾಲೂ ಆಗಿತ್ರಿ.”

ಮಲಗು, ಏಳಬೇಡ ಎಂದು ಹೇಳಿ ನಾನು ಪರದೆಯ ಕಡೆ ಓಡಿದೆ. ಅವಳ ಪಟ್ಟಿ ಹಸಿರು. ಅಂಕಿ ನೆಲದಿಂದ ಸ್ವಲ್ಪ ಮೇಲೆದ್ದಿತ್ತು, ಅಷ್ಟೆ. ಇಪ್ಪತ್ತೇಳು. ಪಂಪು ಗಾಢ ನಿದ್ದೆಯಲ್ಲಿತ್ತು.

“ಹಸರ ಐತಲ್ರಿ ಮೇಡಂ,” ಎಂದ ಸಂಜೀವ. “ಒಂದೊಂದು ಹನಿ ರಕ್ತ ಭಾಳ ಮಂದಿಗೆ ಕಾಣಸ್ತೈತಿ ಅಂತ ನೀವ ಹೇಳ್ತಿದ್ರಿ.”

ನಾನೇ ಹೇಳುತ್ತಿದ್ದೆ, ನಿಜ. ಆದರೆ ಹಿಂದಿನ ಮೂರೂ ಸಲ ಹೀಗೇ ಶುರುವಾಗಿತ್ತು ಎಂದವಳ ಮಾತನ್ನು ಹಸಿರು ಪಟ್ಟಿಯ ಕೆಳಗೆ ತಳ್ಳಲು ಮನಸ್ಸು ಬರಲಿಲ್ಲ. ಡಬ್ಬಿ ಮುಚ್ಚಿ ಆಟೋ ಹತ್ತಿದೆ.

ಹಳೇಹುಬ್ಬಳ್ಳಿಯ ಆ ಮನೆಯ ಮುಂದೆ ಫಕೀರೇಶನ ಮೋಟಾರ್ ಸೈಕಲ್ ಇನ್ನೂ ಹಾಗೇ ನಿಂತಿತ್ತು. ಬಾಗಿಲು ತೆಗೆದವಳು ಅವನ ತಾಯಿ ದ್ಯಾಮವ್ವ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಸಂತೆಯಲ್ಲಿ ಕಾಯಿಪಲ್ಲೆ ಮಾರಿ ಒಬ್ಬನೇ ಮಗನನ್ನು ಬೆಳೆಸಿದವಳು. ಅತ್ತು ಅತ್ತು ಕಣ್ಣು ಒಣಗಿಹೋಗಿತ್ತು.

“ಒಳಗ ಅದಾಳ್ರಿ ಬಾಯಾರ,” ಎಂದಳು. “ಆ ಬಿಲ್ಲಿ ಏನಂತೈತಿ? ಅದರಾಗ ಏನರ ಕಂಡೈತೇನ್ರಿ?”

“ಎಲ್ಲಾ ಛಲೋ ಐತಿ ಅಂತೈತಿ ಅವ್ವಾ.”

“ಛಲೋ ಇದ್ರ ಅಕಿ ಯಾಕ ಹಂಗ ಹಲ್ಲು ಕಚ್ಚಕೊಂಡು ಮಲಗ್ಯಾಳ?”

ನಾನು ಒಳಗೆ ನಡೆದೆ. ಮಹಾನಂದಾ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬಳೆ ಇಲ್ಲದ ಕೈ, ಖಾಲಿ ಹಣೆ. ಗಿರ್ಮಿಟ್ ಹಂಚಿದ ದಿನ ಕೆಂಪು ಅಂಚಿನ ಸೀರೆಯುಟ್ಟು ಬಂದವಳು ಇವಳೇನಾ ಅನಿಸಿತು. ಪಕ್ಕದಲ್ಲಿ ಕೂತು ನಾಡಿ ನೋಡಿದೆ, ರಕ್ತ ತೆಗೆದು ಕೊಳವೆಗೆ ತುಂಬಿದೆ. ಅದನ್ನು ಪ್ರಯೋಗಶಾಲೆಗೆ ಕಳಿಸಿದರೂ ಉತ್ತರ ಬರುವುದು ನಾಳೆ. ಅಲ್ಲಿಯವರೆಗೆ ಬಿಲ್ಲೆಯ ಮಾತೇ ಮಾತು. ಬಿಲ್ಲೆಯೇ ಕೆಟ್ಟಿರಬಹುದೇ ಎಂದು ಅನುಮಾನ ಬಂತು.

“ಬಾಗಿಲಾ ಮುಚ್ರಿ ಅವ್ವಾ, ದೀಪ ಹತ್ತತೈತೋ ಇಲ್ಲೋ ನೋಡಬೇಕು.”

ಕಿಟಕಿ ಇಲ್ಲದ ಕೋಣೆ. ಬಾಗಿಲು ಮುಚ್ಚಿದೊಡನೆ ಕತ್ತಲಾಯಿತು. ಬಿಲ್ಲೆಯ ಅಂಚು ಒತ್ತಿ ಅದರ ನೀಲಿ ದೀಪ ಹೊತ್ತಿಸಿದೆ. ದೀಪ ಸರಿಯಾಗಿಯೇ ಹೊತ್ತಿತು. ಹೊತ್ತಿ, ಅವಳ ಕೊರಳು ಬರೀ ಕಪ್ಪಗೆ ಕಂಡಿತು.

ಮುನ್ನೂರು ಹೆಂಗಸರ ಕೊರಳಲ್ಲಿ ಈ ದೀಪ ಹೊತ್ತಿಸಿ ನೋಡಿದ್ದೇನೆ. ಪ್ರತಿ ಸಲವೂ ಬಿಲ್ಲೆಯ ಸುತ್ತ ಹಳದಿ ಹಸಿರಿನ ಒಂದು ಬಳೆ ಹೊಳೆಯುತ್ತಿತ್ತು. ಇವಳ ಕೊರಳಲ್ಲೂ ಹೊಳೆದಿತ್ತು. ಈಗ ಇಲ್ಲ. ಇಲ್ಲದಿರುವುದು ಸಹಜವೇ, ಗಂಡ ಸತ್ತ ದಿನವೇ ಅರಿಶಿನ ಒರೆಸಿದ್ದರು. ಯಂತ್ರಕ್ಕೆ ಮಾತ್ರ ಯಾರೂ ಹೇಳಿರಲಿಲ್ಲ. ಅದು ಇಲ್ಲದ ಅರಿಶಿನವನ್ನು ದಿನವೂ ಕಳೆಯುತ್ತಲೇ ಇತ್ತು. ದುಃಖ ಅವಳ ಮೈ ತಣಿಸಿರಲಿಲ್ಲ, ಏನೂ ತಣಿದಿರಲಿಲ್ಲ. ನಮ್ಮ ಲೆಕ್ಕವೇ ಪಂಪು ನಿಲ್ಲಿಸಿತ್ತು, ಕಾವಲು ಪಡೆ ಇಷ್ಟು ದಿನ ಅಡ್ಡಿಯಿಲ್ಲದೆ ಕೆರಳಿ ನಿಂತಿತ್ತು.

ಹೊರಗೆ ಬಂದು ಸಂಜೀವನಿಗೆ ಫೋನು ಮಾಡಿದೆ.

“ಮಹಾನಂದಾಗ ಅರಿಶಿನದ ಲೆಕ್ಕ ಎಷ್ಟು ಹಿಡಿದಿ?”

“ಮೂವತ್ತೊಂದು. ಯಾಕ್ರಿ?”

“ಇಪ್ಪತ್ತೇಳಕ್ಕ ಅದನ್ನ ಕೂಡಿಸು.”

“ಅಯ್ಯಯ್ಯೋ,” ಎಂದ. ಅವನ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು. ಐವತ್ತೆಂಟು. ಕೆಂಪಿಗಿಂತ ಕೆಂಪು.

“ಆ ಲೆಕ್ಕ ತಗದ ಬಿಡೋ!”

“ಆಗೂದಿಲ್ರಿ ಮೇಡಂ. ಪ್ರಯೋಗ ನಡದಾಗ ಒಬ್ಬೊಬ್ಬರ ಅಂಕಿ ಮುಟ್ಟಾಕ ಬರದಂಗ ಬೀಗ ಹಾಕೇವಿ. ತಗದ್ರ ಎಲ್ಲಾರದೂ ಒಮ್ಮೆಲೆ ಹೋಗತೈತಿ. ಮುನ್ನೂರು ಮಂದಿ ಅಂಕಿ ಏರಿ ಮುನ್ನೂರು ಪಂಪೂ ತುಂಬಿ ಔಷಧ ಬಿಡ್ತಾವು. ಅದರಾಗ ಬಸರಿದ್ದವರು ಎಷ್ಟೋ ಅದಾರ.”

ಫೋನು ಕಟ್ಟಿ ಸರ್ ಕೈಗೆ ಹೋಯಿತು. ಅವರ ಧ್ವನಿ ಸಣ್ಣದಾಗಿತ್ತು. ಅವಳ ಪಂಪನ್ನು ಕೈಯಿಂದ ನಡೆಸಲು ಸುರಕ್ಷತಾ ಸಮಿತಿಯ ಇಬ್ಬರ ಸಹಿ ಬೇಕು, ಒಬ್ಬರು ವಿಮಾನದಲ್ಲಿದ್ದಾರೆ, ನಾಳೆ ಬೆಳಿಗ್ಗೆಗೆ ಮೊದಲು ಆಗದು ಎಂದರು.

“ನಾಳೆ ಅಂದ್ರ ಏನೂ ಉಳಿಯೂದಿಲ್ಲ ಸರ್.”

“ನಾ ಏನ್ ಮಾಡ್ಲಿ ಪ್ರಮೀಳಾ? ಎಷ್ಟು ಔಷಧ ಬಿಡಬೇಕಂತ ಅಂದಾಜಿನ ಮ್ಯಾಲ ಹೇಳ್ಲಿಕ್ಕ ಬರೂದಿಲ್ಲ. ಕಡಿಮಿ ಆದ್ರ ಕೂಸು ಹೋಗ್ತದ, ಹೆಚ್ಚಾದ್ರ ತಾಯಿಗೇ ಅಪಾಯ. ಮನಿ ತುಂಬ ಮಂದಿ ಬಂದು ಹೋಗ್ಯಾರ, ಯಾರ ಕೆಮ್ಮು ಯಾರಿಗೆ ಹತ್ತೇದೋ.”

ಅವರ ಮಾತು ನಿಜವಾಗಿತ್ತು. ಔಷಧಿ ಎಷ್ಟು ಬೇಕು ಎಂದು ತಿಳಿಯುವ ಶಕ್ತಿ ಇದ್ದದ್ದು ಆ ಬಿಲ್ಲೆಗೊಂದಕ್ಕೇ. ಅದು ಸರಿಯಾಗಿ ಓದಬೇಕಾದರೆ ಅದು ನಂಬಿಕೊಂಡ ಅರಿಶಿನ ಕೊರಳಲ್ಲಿರಬೇಕು. ಇದು ಹೊಳೆದಾಗ ನನಗೆ ಸಮಾಧಾನವಾಗುವ ಬದಲು ಹೆದರಿಕೆಯಾಯಿತು. ನಾನು ಮುಚ್ಚಿದ ಬಾಗಿಲನ್ನು ನೋಡಿದೆ.

“ಸರ್, ಅಕಿ ಅರಿಶಿನ ಹಚ್ಚಿಕೊಂಡ್ರ?”

“ಅರಿಶಿನ ಹಚ್ಚಿಕೊಳ್ಳಬಾರದು ಅಂತ ನಮ್ಮ ನಿಯಮದಾಗ ಎಲ್ಲೂ ಬರದಿಲ್ಲ,” ಎಂದರು ನಿಧಾನವಾಗಿ. ನಂತರ ಇನ್ನೂ ಸಣ್ಣ ಧ್ವನಿಯಲ್ಲಿ, “ಆದರ ಅಕಿ ಹಚ್ಚಿಕೊಳ್ತಾಳೇನು?”

ನಾನು ಒಳಗೆ ಹೋಗಿ ದೀಪ ಹಾಕಿ, ಇಬ್ಬರ ಮುಂದೆಯೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಂತ್ರಕ್ಕೆ ನಾವು ಹೇಗೆ ಕಲಿಸಿದ್ದೆವು, ಏನನ್ನು ಮರೆತಿದ್ದೆವು, ಈಗ ಏನು ಆಗಬೇಕು. ಹೇಳುತ್ತ ಹೇಳುತ್ತ ನನಗೆ ನನ್ನ ಮೇಲೇ ಅಸಹ್ಯವಾಯಿತು.

ಮಹಾನಂದಾ ಎದ್ದು ಕೂತಳು.

“ಒಲ್ಲೆ.”

“ಮಹಾನಂದಾ…”

“ಒಲ್ಲೆ ಅಕ್ಕಾರ. ನಾ ಹಚ್ಚಿಕೊಳ್ಳೂದಿಲ್ಲ. ಅವರು ಇದ್ದಾಗ ದಿನಾ ಜಳಕಾ ಮಾಡಿ ಹಚ್ಚಿಕೊಂಡು ಹೊರಗ ಬಂದ್ರ, ‘ಅರಿಶಿನದ ಕೊಂಬ ನಡಕೊಂತ ಬಂತು’ ಅಂತ ನಗ್ತಿದ್ರು. ಹೆಣದ ಮುಂದ ಕುಂದ್ರಿಸಿ ಮಂದಿಯೆಲ್ಲಾ ನೋಡತಿರಬೇಕಾದ್ರ ಒರಸಿದ್ರಿ. ಈಗ ಮಿಷನ್ ಕೇಳತೈತಿ ಅಂತ ಮತ್ತ ಹಚ್ಚಿಕೋ ಅಂತೀರಿ. ನಾಳೆ ಮಿಷನ್ ಬ್ಯಾಡ ಅಂದ್ರ ಮತ್ತ ಒರಸ್ತೀರಿ. ಎಷ್ಟು ಸಲ ನಾ ರಂಡಿ ಆಗ್ಲಿ?”

ಅವಳು ಹೊಟ್ಟೆ ಹಿಡಿದುಕೊಂಡು ಬಗ್ಗಿದಳು. ನೋವು ಹೆಚ್ಚುತ್ತಿತ್ತು. ಒತ್ತಾಯ ಮಾಡಲು ನನಗೆ ಬಾಯಿ ಬರಲಿಲ್ಲ, ಬಿಟ್ಟು ಹೋಗಲು ಕಾಲೂ ಬರಲಿಲ್ಲ.

ದ್ಯಾಮವ್ವ ಎದ್ದು ಹೊರಗೆ ನಡೆದಳು. ಅಡುಗೆಮನೆಯಲ್ಲಿ ಡಬ್ಬಿಗಳನ್ನು ಎಳೆದಾಡುವ ಸದ್ದಾಯಿತು. ತಿರುಗಿ ಬಂದಾಗ ಅವಳ ಒಂದು ಕೈಯಲ್ಲಿ ತೇಯುವ ಕಲ್ಲು, ಇನ್ನೊಂದರಲ್ಲಿ ಒಂದು ಅರಿಶಿನದ ಕೊಂಬು, ಕಂಕುಳಲ್ಲಿ ನೀರಿನ ತಂಬಿಗೆ. ನೆಲಕ್ಕೆ ಕೂತು ಕಲ್ಲಿನ ಮೇಲೆ ನೀರು ಬಿಟ್ಟಳು.

“ಪುಡಿ ನಡಿಯೂದಿಲ್ಲೇನ್ರಿ ಬಾಯಾರ?” ಎಂದಳು ತಲೆ ಎತ್ತದೆ.

“ಇಲ್ಲವ್ವಾ. ಮೊದಲು ಅಳೆದಾಗ ಅಕಿ ಯಾವುದು ಹಚ್ಚತಿದ್ಲೋ ಅದ ಬೇಕು.”

“ಇದ. ನನ್ನ ಕಲ್ಲಿನ ಮ್ಯಾಲ ತೇಯ್ತಿದ್ಲು. ಕಲ್ಲು ತಿಪ್ಪಿಗೆ ಒಗೀಬೇಕಂತ ಅಟ್ಟದ ಮ್ಯಾಲ ಇಟ್ಟಿದ್ದೆ. ಒಗಿಯಾಕ ಮನಸಾಗಿರ್ಲಿಲ್ಲ.”

ಕಲ್ಲಿನ ಮೇಲೆ ಕೊಂಬು ಸುತ್ತತೊಡಗಿತು. ತನ್ನ ಗಂಡ ಸತ್ತ ದಿನದಿಂದ ದ್ಯಾಮವ್ವ ಅರಿಶಿನ ಮುಟ್ಟಿರಲಿಲ್ಲ. ಅಡುಗೆಗೂ ಸೊಸೆಯೇ ಹಾಕಬೇಕಿತ್ತು ಎಂದು ಮಹಾನಂದಾ ಹಿಂದೊಮ್ಮೆ ನನಗೆ ಹೇಳಿದ್ದಳು. ಈಗ ಅವಳ ಬೆರಳುಗಳೆಲ್ಲ ಹಳದಿಯಾಗುತ್ತಿದ್ದವು.

“ಅತ್ತಿ, ಬ್ಯಾಡ,” ಎಂದಳು ಮಹಾನಂದಾ.

“ಮಾನಂದಾ, ಆವತ್ತು ಒರಸಿದಾಕಿ ನಾ. ನಾಕ ಮಂದಿ ಏನಂದಾರೋ ಅಂತ ಒರಸಿದೆ. ನನಗೂ ಹಂಗ ಒರಸಿದ್ರು, ನಾನೂ ಹಂಗ ಮಾಡಿದೆ. ಮಿಷನ್ ಸಲುವಾಗಿ ಅಲ್ಲವಾ, ನಾ ಹಚ್ಚಾಕತ್ತೇನಿ. ನನ್ನ ಮಗನ ಮಾತು ನೆನಸಿಯಾದ್ರೂ ಹಚ್ಚಿಕೋ, ನನ್ನ ಬೈದಾದ್ರೂ ಹಚ್ಚಿಕೋ. ಇನ್ನ ಒರಸಾಕ ಯಾರನೂ ಬಿಡೂದಿಲ್ಲ ನಾ.”

ಮಹಾನಂದಾ ಬಹಳ ಹೊತ್ತು ಅತ್ತೆಯ ಕೈ ನೋಡಿದಳು. ಆಮೇಲೆ ಸೆರಗು ಸರಿಸಿ ಕೊರಳು ಎತ್ತಿದಳು.

ದ್ಯಾಮವ್ವ ಎರಡೂ ಅಂಗೈಯಿಂದ ಹಚ್ಚಿದಳು. ಗಲ್ಲದ ಕೆಳಗೆ, ಕೊರಳ ಎರಡೂ ಬದಿಗೆ, ಬಿಲ್ಲೆಯ ಸುತ್ತ. “ದಿನಾ ಎಷ್ಟು ಹಚ್ಚತಿದ್ದಿ ಅಷ್ಟ ಹೇಳು,” ಎಂದು ಕೇಳಿ ಕೇಳಿ ಹಚ್ಚಿದಳು. ಮಹಾನಂದಾಳ ಕಣ್ಣಿಂದ ನೀರು ಇಳಿದು ಅರಿಶಿನದಲ್ಲಿ ಗೆರೆ ಮೂಡಿದಾಗ ಅದನ್ನು ಮತ್ತೆ ಸವರಿ ಸರಿಮಾಡಿದಳು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತಿದ್ದೆ.

“ಏನಾತೋ?” ಎಂದು ಸಂಜೀವನನ್ನು ಕೇಳಿದೆ.

“ಇನ್ನೂ ಏನಿಲ್ರಿ. ಇಪ್ಪತ್ತೇಳ ಐತಿ.”

ಬಿಲ್ಲೆ ಒಂದು ಸಲ ಓದಿದ ಮೇಲೆ ಇನ್ನೊಂದು ಸಲ ಓದಲು ಸ್ವಲ್ಪ ಸಮಯ ಬೇಕು. ಆ ಸ್ವಲ್ಪ ಸಮಯ ಮುಗಿಯುವಂತೆಯೇ ಕಾಣಲಿಲ್ಲ. ಮಹಾನಂದಾ ಅತ್ತೆಯ ತೊಡೆಗೆ ತಲೆಕೊಟ್ಟು ಹಲ್ಲು ಕಚ್ಚಿದ್ದಳು. ಹೊರಗೆ ಓಣಿಯಲ್ಲಿ ಯಾರೋ ಹಳೇ ಪಾತ್ರೆ ಕೊಳ್ಳುವವನು ಕೂಗುತ್ತ ಹೋದ.

“ಏರಾಕತ್ತೈತ್ರಿ!” ಸಂಜೀವ ಕಿರುಚಿದ. “ಮೂವತ್ತೊಂಬತ್ತು… ನಲವತ್ತಾರು… ಕೆಂಪ್ರಿ ಮೇಡಂ, ಕೆಂಪು! ಐವತ್ತೇಳು!”

ಆರು ವರ್ಷ ಆ ಕೆಂಪಿಗೆ ಹೆದರಿ ಬದುಕಿದವರು ನಾವು. ಅವತ್ತು ಫೋನಿನಲ್ಲಿ ಕಟ್ಟಿ ಸರ್ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಮಹಾನಂದಾ ತೋಳು ಮುಟ್ಟಿಕೊಂಡಳು.

“ಅಕ್ಕಾರ, ಇಲ್ಲಿ ಜುಮ್ ಅಂತು.”

ಪಂಪು ಎದ್ದಿತ್ತು.

ಸಂಜೆಯವರೆಗೆ ನಾನು ಅಲ್ಲೇ ಕೂತೆ. ನೋವು ಮೊದಲು ಹೆಚ್ಚಾಯಿತು, ಎಲ್ಲ ಮುಗಿಯಿತು ಅಂದುಕೊಂಡೆ. ಮತ್ತೆ ಕಡಿಮೆಯಾಯಿತು. ಅವಳ ಕಾಲು ಒತ್ತುತ್ತಿದ್ದ ದ್ಯಾಮವ್ವ ನಡುವೆ ಎದ್ದು ನನಗೊಂದು ಲೋಟ ಚಹಾ ಕೊಟ್ಟಳು. ಲೋಟದ ಮೇಲೆ ಅವಳ ಹಳದಿ ಬೆರಳಿನ ಗುರುತು ಇತ್ತು. ಮರುದಿನ ರಕ್ತಪರೀಕ್ಷೆಯ ಉತ್ತರ ಬಂತು. ನಾವು ಊಹಿಸಿದ್ದೇ ಸರಿ. ಕೆಂಪು ಕಾಣುವುದು ಮೂರನೆಯ ದಿನಕ್ಕೆ ನಿಂತಿತು.

ಆಮೇಲೆ ಲ್ಯಾಬಿನಲ್ಲಿ ಕೂತು ನಾವು ಹಳೆಯದನ್ನೆಲ್ಲ ಕೆದಕಿದೆವು. ಕುಂದಗೋಳದ ಒಬ್ಬಾಕೆಯ ಗರ್ಭ ಹಸಿರು ಪಟ್ಟಿಯ ಕೆಳಗೇ ಹೋಗಿತ್ತು. ಕೊರಳಿಗೆ ತುರಿಕೆ ಎದ್ದು ಅವಳು ಅರಿಶಿನ ಬಿಟ್ಟಿದ್ದಳು. ಅವಳ ಹಾಳೆಯಲ್ಲಿ ‘ಕಾರಣ ತಿಳಿಯದು’ ಎಂದು ಬರೆದವರು ನಾವು. ಕಟ್ಟಿ ಸರ್ ತಮ್ಮ ದುಃಖದ ಲೇಖನವನ್ನು ಹರಿದು ಬುಟ್ಟಿಗೆ ಹಾಕಿ, ತಾವೇ ಕುಂದಗೋಳಕ್ಕೆ ಹೋಗಿ ಆಕೆಯ ಮುಂದೆ ತಪ್ಪು ಹೇಳಿ ಬಂದರು. ಏನಂದಳು ಎಂದು ಕೇಳಿದ್ದಕ್ಕೆ ಅವರು ಅವಳ ಹಾಳೆ ತೆಗೆದು ‘ಕಾರಣ ತಿಳಿಯದು’ ಎಂಬುದನ್ನು ಹೊಡೆದುಹಾಕಿದರು.

ಸಂಜೀವ ಎರಡು ದೀಪದ ಹೊಸ ಬಿಲ್ಲೆ ಮಾಡಿದ. ಅರಿಶಿನ ಇದ್ದರೂ ಇಲ್ಲದಿದ್ದರೂ ಅದು ತಾನೇ ನೋಡಿ ತಿಳಿದುಕೊಳ್ಳುತ್ತದೆ. ಮೊದಲನೆಯದನ್ನು ಮಹಾನಂದಾಳಿಗೇ ಅಂಟಿಸಲು ನಾವಿಬ್ಬರೂ ಹಳೇಹುಬ್ಬಳ್ಳಿಗೆ ಹೋದೆವು. ಆ ಬೆಳಿಗ್ಗೆ ತಾನೇ ಆಸ್ಪತ್ರೆಯ ಪರದೆಯಲ್ಲಿ ಕಾಳಿನಷ್ಟು ಸಣ್ಣ ಹೃದಯ ಪಟಪಟ ಬಡಿಯುವುದನ್ನು ಅತ್ತೆ ಸೊಸೆ ಇಬ್ಬರೂ ನೋಡಿ ಬಂದಿದ್ದರು. ಮುಂದೆ ದಾರಿ ಇನ್ನೂ ಉದ್ದವಿದೆ, ಪಡೆ ಯಾವಾಗ ಕೆರಳುತ್ತದೋ ಹೇಳಲು ಬರುವುದಿಲ್ಲ. ಅದು ಅವರಿಗೂ ಗೊತ್ತು.

ಹೊಸ ಬಿಲ್ಲೆ ಅಂಟಿಸಿ ಸಂಜೀವ ಹೆಮ್ಮೆಯಿಂದ, “ಇನ್ನ ಚಿಂತಿಲ್ಲವ್ವಾ. ಇನ್ನ ಮ್ಯಾಲ ಅರಿಶಿನ ಹಚ್ಚಬೇಕಾಗಿಲ್ಲ,” ಎಂದ.

ದ್ಯಾಮವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅಟ್ಟದಿಂದ ಇಳಿದ ಕಲ್ಲು ಈಗ ಅಡುಗೆಮನೆಯ ಬಾಗಿಲಲ್ಲೇ ಇತ್ತು.

“ನಿನ್ನ ಮಿಷನ್‌ಗ ಬ್ಯಾಡಾಗಿದ್ರ ಆ ಮಾತು ಮಿಷನ್ ಕಡೆ ಇಟ್ಕೋಪಾ,” ಎಂದು ಹೇಳಿ ಅವಳು ಕಲ್ಲಿನ ಮುಂದೆ ಕೂತು ಕೊಂಬು ಕೈಗೆ ತೆಗೆದುಕೊಂಡಳು. “ಮಾನಂದಾ, ಜಳಕ ಆದಮ್ಯಾಲ ಇಲ್ಲಿ ಬಾ.”